ಕಮಾನಿನ ಕೆಳಗೆ ಕೂತ ಅಜ್ಜಿ

"ಈ ಚಿತ್ರದಲ್ಲಿರೋದು... ನಾನು!"

ಅವಳ ಕೈಯಲ್ಲಿದ್ದ ಅಳತೆಪಟ್ಟಿ ಜಾರಿ ಮೇಜಿನ ಮೇಲೆ ಬಿತ್ತು.

ಚಿತ್ರಗಳಿಗೆ ಕಟ್ಟು ಹಾಕುವ ಆ ಪುಟ್ಟ ಅಂಗಡಿಯಲ್ಲಿ ಆಗ ಅವಳೊಬ್ಬಳೇ. ಎದುರಿಗೆ ಗುರುತಿಲ್ಲದ ಯುವಕ. ಅವನು ಬಿಚ್ಚಿಟ್ಟ ಕಾಗದದಲ್ಲಿ ಹಳೇ ಪೇಟೆಯ ಪುಟ್ಟ ಚರ್ಚು, ಕಪ್ಪು ಶಾಯಿಯ ಸಣ್ಣ ಸಣ್ಣ ಗೆರೆಗಳಲ್ಲಿ. ಅದರ ಪಕ್ಕದ ಬಾಗಿಲ ಕಮಾನಿನ ಕೆಳಗೆ ಅಜ್ಜಿಯನ್ನು ಕೂರಿಸುತ್ತಿರುವ ಹುಡುಗಿ. ಅದೇ ಜಡೆ, ಅದೇ ಹೆಗಲಚೀಲ!

"ಹೌದು, ನೀವೇ. ಮೂರು ವಾರದಿಂದ ನೋಡ್ತಿದ್ದೀನಿ. ದಿನಾ ಹನ್ನೆರಡಕ್ಕೆ ಅಜ್ಜಿನ ಅಲ್ಲಿ ಕೂರಿಸಿ ಹೋಗ್ತೀರಿ..."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. 'ಅಜ್ಜಿ ಒಬ್ಬರೇ ಇರೋದೂ ಇವನಿಗೆ ಗೊತ್ತು...'

"ಹೊರಗೆ ಹೋಗಿ!"

"ಒಂದು ಮಾತು ಕೇಳಿ, ಆ ಕಮಾನು..."

"ಹೋಗ್ತೀರೋ, ಜನ ಸೇರಿಸಲೋ?"

ಅವನ ಮುಖ ಬಿಳಿಚಿಕೊಂಡಿತು. ಗಡಿಯಾರದ ಕಡೆ ನೋಡಿದವನೇ, ಚಿತ್ರವನ್ನು ಅಲ್ಲೇ ಬಿಟ್ಟು ಓಡಿದ.

ಅವಳು ಚಿಲಕ ಹಾಕಿದಳು. ಹರಿದು ಬಿಸಾಡೋಣವೆಂದು ಕಾಗದ ಎತ್ತಿಕೊಂಡಳು.

ಹರಿಯಲು ಕೈ ಬರಲಿಲ್ಲ.

ಎಷ್ಟೋ ಚಿತ್ರ ಕಂಡವಳು ಅವಳು. ಇಂಥದ್ದನ್ನು ಕಂಡಿರಲಿಲ್ಲ. ಗೋಪುರದ ನೆರಳಿಗೆ ಒತ್ತೊತ್ತಾಗಿ ಹೆಣೆದ ಗೆರೆ. ಕಾಲು ಸವೆಸಿದ ಮೆಟ್ಟಿಲ ಮೇಲೆ ಮಾತ್ರ ಪೆನ್ನು ಸೋಕಿಯೂ ಸೋಕದ ಹಾಗೆ. ಅಲ್ಲಿ ಕಾಗದದ ಬಿಳುಪೇ ಬಿಸಿಲು! ಅಜ್ಜಿಯ ಬಾಗಿದ ಬೆನ್ನಿಗೆ ಒಂದೇ ಒಂದು ಗೆರೆ, ಅಷ್ಟರಲ್ಲೇ ಅಜ್ಜಿಯ ಹಟವೆಲ್ಲ ಇತ್ತು.

'ಇಷ್ಟು ಅಕ್ಕರೆಯಿಂದ ನೋಡೋ ಕಣ್ಣು ಕೇಡು ಬಗೆಯುತ್ತಾ?'

ಭೂತಗನ್ನಡಿ ಹಿಡಿದಳು. ಅಜ್ಜಿಯ ತಲೆಯ ಮೇಲಿನ ಕಮಾನಿನಲ್ಲಿ ಒಂದು ಅಂಕುಡೊಂಕು ಗೆರೆ. ಪೆನ್ನು ಜಾರಿದ್ದೇನೋ ಅಂದುಕೊಂಡಳು. ಪಕ್ಕದಲ್ಲಿ ಇರುವೆಯಂಥ ಅಕ್ಷರ: 'ನಿನ್ನೆವರೆಗೆ ಕೂದಲೆಳೆ. ಇಂದು ಬೆಳಿಗ್ಗೆ ಎರಡು ಬೆರಳಗಲ.' ಕೆಳಗೆ ಹಳೇ ಕಟ್ಟಡಗಳ ತಪಾಸಣೆ ಕಚೇರಿಯ ಮುದ್ರೆ.

ಬಿರುಕು! ಅಜ್ಜಿ ಈಗ ಅದರ ಕೆಳಗೇ ಕೂತಿದ್ದಾರೆ!

ಅವಳು ಚಿಲಕ ತೆಗೆದು, ಅಂಗಡಿ ತೆರೆದಿಟ್ಟೇ ಓಡಿದಳು. 'ನಾನೇ ಕೂರಿಸಿ ಬಂದೆನಲ್ಲಾ... ಹೇಳೋಕೆ ಬಂದವನನ್ನೂ ಓಡಿಸಿದೆನಲ್ಲಾ...' ಎರಡು ಬೀದಿ ಎರಡು ಊರಿನಷ್ಟು ಉದ್ದವಾಯಿತು.

ತಿರುವಿನಲ್ಲಿದ್ದಾಗಲೇ ಆ ಸದ್ದು. ಧಡ್!

ಧೂಳು ಬೀದಿಯನ್ನೇ ನುಂಗಿತು. ಅಜ್ಜೀ ಎಂದು ಕೂಗಿದಳು. ಒಂದು ಕ್ಷಣ... ಎರಡು ಕ್ಷಣ...

"ಇಳಿಸೋ ಕತ್ತೆ! ನನ್ನ ಚಪ್ಪಲಿ ಅಲ್ಲೇ ಉಳೀತು!"

ಧೂಳಿನೊಳಗಿಂದ ಅವನು ಬಂದ. ತೋಳಲ್ಲಿ ಅಜ್ಜಿ, ಅವನ ಎದೆಗೆ ಗುದ್ದುತ್ತಾ. ಅವನ ಹೆಗಲಿಂದ ರಕ್ತ ಇಳಿಯುತ್ತಿತ್ತು.

ಅವಳು ಅಜ್ಜಿಯನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ದುಪಟ್ಟಾ ಹರಿದು ಅವನ ಗಾಯಕ್ಕೆ ಸುತ್ತಿದಳು.

"ನೇರವಾಗಿ ಹೇಳಬಾರದಿತ್ತಾ?"

"ಬೆಳಿಗ್ಗೆಯಿಂದ ನಮ್ಮ ಕಚೇರೀಲಿ ಬಡ್ಕೊಂಡೆ, ಯಾರೂ ಕೇಳಲಿಲ್ಲ. ಅಜ್ಜಿಗೆ ಹೇಳಿದೆ, ಬೈದು ಕಳಿಸಿದ್ರು. ನಿಮ್ಮ ಹತ್ತಿರ ಬಂದೆ... ನಿಮ್ಮನ್ನ ನೋಡಿದ ತಕ್ಷಣ ಮಾತು ಎಲ್ಲಿಂದ ಶುರು ಮಾಡಬೇಕೋ ತೋಚಲಿಲ್ಲ."

"ಮೂರು ವಾರ ಬರೀ ಬಿರುಕು ನೋಡಿದ್ರಾ?"

ಅವನು ತಲೆ ತಗ್ಗಿಸಿದ.

"ಬಿರುಕು ಅಳೆಯೋಕೆ ದಿನಕ್ಕೆ ಐದು ನಿಮಿಷ ಸಾಕಿತ್ತು. ಯಾವ ಹೊತ್ತಿಗೆ ಬೇಕಾದ್ರೂ ಬರಬಹುದಿತ್ತು. ನಾನು ಹನ್ನೆರಡಕ್ಕೇ ಬರ್ತಿದ್ದೆ... ನೀವು ಬರ್ತೀರಿ ಅಂತ."

ಅವಳ ಕಣ್ಣು ಮತ್ತೆ ತುಂಬಿತು.

"ನನಗಿನ್ನೂ ಕೈ ನಡುಗ್ತಿದೆ."

"ನನಗೂ. ಹಿಡ್ಕೊಳ್ಳಲಾ?"

"ಕೇಳ್ತಾ ನಿಂತ್ಕೋಬೇಡಿ..."