ಮೆಲುಕು ಶುರುವಾದ ದಿನ

ದೊಡ್ಡಉಳ್ಳಾರ್ತಿಯ ನಮ್ಮ ಕೊಟ್ಟಿಗೆಗೆ ದಿನಾ ಬೆಳಗ್ಗೆ ಒಬ್ಬ ಚೆಂದದ ಗಂಡಸು ಬರುತ್ತಿದ್ದ. ನನಗಾಗಿ ಅಲ್ಲ, ಕರುವಿನ ಸಗಣಿಗಾಗಿ. ನನಗೋ ಕೋಪ ಮೂಗಿನ ತುದಿಯಲ್ಲೇ.

“ವನಜಾಕ್ಷಿ, ಆ ಹುಡುಗಂಗೆ ಒಂದು ಲೋಟ ಟೀ ಕೊಡೇ,” ಎನ್ನುತ್ತಿದ್ದಳು ಅವ್ವ.

“ಮೊದ್ಲು ಕೈ ತೊಳ್ಕೊಳ್ಳಲಿ, ಕೊಡ್ತೀನಿ.”

ನಾಗಭೂಷಣ ನಗುತ್ತಿದ್ದ. ಕೊಂಡ್ಲಹಳ್ಳಿಯವನು. ಕರುಗಳ ಕರುಳಿನ ಬ್ಯಾಕ್ಟೀರಿಯಾ ಮೇಲೆ ಪಿಎಚ್‌ಡಿ ಮಾಡುತ್ತಿದ್ದ. ನಮ್ಮ ಹಸು ಕರು ಹಾಕಿದ ದಿನದಿಂದ ಒಂದು ಬೆಳಗ್ಗೆಯೂ ತಪ್ಪಿಸಿರಲಿಲ್ಲ.

“ಹುಟ್ಟಿದಾಗ ಕರು ಹೊಟ್ಟೆ ಖಾಲಿ ಮನೆ ಇದ್ದಂಗೆ ಕಣ್ರಿ,” ಎನ್ನುತ್ತಿದ್ದ. “ತಾಯಿ ನೆಕ್ತೈತೆ, ಗಿಣ್ಣದ ಹಾಲು ಕುಡಿಸ್ತೈತೆ, ಒಂದೊಂದೇ ಬ್ಯಾಕ್ಟೀರಿಯಾ ಬಂದು ಒಕ್ಕಲಾಗ್ತಾವೆ. ಹುಲ್ಲು ತಿಂದು ಮೆಲುಕು ಹಾಕೋ ಹೊತ್ತಿಗೆ ಒಳಗೆ ಒಂದು ಊರೇ ಆಗಿರ್ತೈತೆ.”

ಹೇಳುವಾಗ ಅವನ ಕಣ್ಣುಗಳು ಅರಳುತ್ತಿದ್ದವು. ಸಗಣಿ ಬಗ್ಗೆಯೇ ಇಷ್ಟು ಪ್ರೀತಿಯಿಂದ ಮಾತಾಡುವವನು ಮುಂದೆ ಬರುವ ಹೆಂಡತಿ ಬಗ್ಗೆ ಹೇಗೆ ಮಾತಾಡ್ಯಾನು ಅಂದುಕೊಂಡೆ. ಕೆನ್ನೆ ಬಿಸಿಯಾಯಿತು.

ಮೆಲುಕು ಶುರುವಾದರೆ ಇಲ್ಲಿಯ ಕೆಲಸ ಮುಗಿದಂತೆ. ಆಮೇಲೆ ಅವನಿಗೆ ಬೇರೆ ಊರು, ಬೇರೆ ಕರು.

ಒಂದು ಮಧ್ಯಾಹ್ನ ಕರು ಬೇವಿನ ನೆರಳಲ್ಲಿ ಮಲಗಿ ಬಾಯಾಡಿಸುತ್ತಿತ್ತು. ಮಾರನೇ ಬೆಳಗ್ಗೆ ಅವನು ಕೇಳಿದ, “ಮೆಲುಕು ಶುರುವಾಯ್ತೇನ್ರಿ?”

“ಇಲ್ಲ,” ಅಂದುಬಿಟ್ಟೆ.

ಅವನು ಸ್ಯಾಂಪಲ್ ಡಬ್ಬಿಯ ಮೇಲೆ ‘ಹಾಲಿನ ಹಂತ’ ಎಂದು ಬರೆದ. ಮರುದಿನವೂ ಕೇಳಿದ, ನಾನು ಇಲ್ಲವೆಂದೆ, ಮತ್ತೆ ಹಾಗೇ ಬರೆದ. ಎಷ್ಟು ನಂಬಿಕೆ ಅವನಿಗೆ! ಅವನು ಜೀವ ತೇದು ಮಾಡುವ ಕೆಲಸ ನನ್ನ ಸುಳ್ಳಿನಿಂದ ಕೆಡುತ್ತದಲ್ಲ! ಬೈಕ್ ಹತ್ತಿದವನನ್ನು ಕೂಗಿ ನಿಲ್ಲಿಸಿದೆ.

“ಅದು ಮೊನ್ನೆಯಿಂದ ಮೆಲುಕು ಹಾಕ್ತೈತೆ. ನಾನೇ ಸುಳ್ಳು ಹೇಳ್ದೆ.”

“ಯಾಕ್ರೀ?”

“ನಿಜ ಹೇಳಿದ್ರೆ ನೀವು ಬರ್ತಿರ್ಲಿಲ್ಲ.”

ಅವನು ಇಳಿದು, ಮೊದಲು ಡಬ್ಬಿಯ ಮೇಲಿನ ಬರಹ ತಿದ್ದಿದ, ನಿನ್ನೆಯದನ್ನೂ ತಿದ್ದಬೇಕೆಂದು ಗುರುತು ಹಾಕಿಕೊಂಡ. ನೋಡಿ, ಆಗಲೂ ಕೆಲಸವೇ ಮೊದಲು. ಅದನ್ನೂ ನನ್ನ ಹಾಳು ಮನಸ್ಸು ಮೆಚ್ಚಿಕೊಂಡಿತು. ಆಮೇಲೆ ತಲೆಯೆತ್ತಿ ನನ್ನನ್ನೇ ನೋಡಿದ. ನಾನು ಕಣ್ಣು ತಪ್ಪಿಸಿದರೂ ನೋಡುತ್ತಲೇ ಇದ್ದ.

“ಇಲ್ಲಿ ಕೆಲಸ ಮುಗೀತು. ನಾಳೆ ನಮ್ಮವ್ವನ್ನ ಕರ್ಕೊಂಡ್ ಬರ್ತೀನಿ.”

“ಕರು ತೋರ್ಸೋಕಾ?”

“ನಿಮ್ಮನ್ನ ತೋರ್ಸೋಕೆ.”

“ಸಂಜೆ ಕರ್ಕೊಂಡ್ ಬನ್ನಿ. ಬೆಳಗ್ಗೆ ನಾನು ಸಗಣಿ ಬಾಚ್ತಿರ್ತೀನಿ.”

“ಬೆಳಗ್ಗೇನೇ ಬರ್ತೀವಿ,” ಅಂದ. “ನಾನು ಮೆಚ್ಚಿರೋದು ಸಗಣಿ ಬಾಚೋ ವನಜಾಕ್ಷೀನ.”