ಮಡಿವಾಳಪ್ಪನ ಎದೆಬಡಿತ

ತನ್ನ ಎದೆ ನಿಜಕ್ಕೂ ಕೆಟ್ಟಿದೆಯೇ? ಕೆಟ್ಟಿದ್ದರೆ ನಿನ್ನೆ ಭತ್ತದ ಚೀಲ ಹೊತ್ತಾಗ ಏಕೆ ಸುಮ್ಮನಿತ್ತು? ಕೆಟ್ಟಿಲ್ಲವಾದರೆ ಡಾಕ್ಟರರ ಎದುರು ಹಾಗೇಕೆ ಬಡಿದುಕೊಂಡಿತು? ಗುಡ್ನಾಪುರದಿಂದ ಶಿರಸಿಯವರೆಗೆ ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತ ಬಂದೆನೆಂದು ನಿವೃತ್ತ ಹವಾಲ್ದಾರ ಮಡಿವಾಳಪ್ಪ ಆಮೇಲೆ ನನಗೆ ಹೇಳಿದ. ಅದು ೧೯೬೧ರ ಜನವರಿ. ಹೆಂಡತಿ ಪಾರ್ವತವ್ವನೊಡನೆ ಬಂದು ಅವನು ದೇವರು ಹೆಗಡೆಯವರ ಜಗಲಿಯಲ್ಲಿ ಕುಳಿತ. ಕಳವು, ಮೋಸಗಳ ಗಂಟು ಬಿಡಿಸುವುದರಲ್ಲಿ ಹೆಗಡೆಯವರಿಗೆ ಹೆಸರಿತ್ತು. ಬಿ.ಎ. ಮುಗಿಸಿ ಕೆಲಸವಿಲ್ಲದಿದ್ದ ನಾನು ಅವರ ಜೊತೆಗಿರುತ್ತಿದ್ದೆ.

ಹೆಗಡೆಯವರು ಕವಳದ ಹರಿವಾಣ ಮುಂದಿಟ್ಟರು. ಹವಾಲ್ದಾರ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಸೇರಿಸಿ ಬಾಯಿಗಿಟ್ಟುಕೊಂಡು ಶುರುಮಾಡಿದ.

“ಹಿಟ್ಟಿನ ಗಿರಣಿ ಹಾಕಬೇಕಂತ ಮಾಡೀನ್ರಿ. ಮಿಲಿಟರಿ ಪಿಂಚಣಿ ಅರ್ಧಾ ಬಿಟ್ಟುಕೊಟ್ರ ಸರಕಾರದವ್ರು ಅದರ ಬದಲಿ ಒಮ್ಮೆಲೇ ಇಡುಗಂಟು ಕೊಡ್ತಾರ. ಆದ್ರ ಮೊದಲ ಡಾಕ್ಟರು ‘ಗಟ್ಟಿ ಅದಾನ’ ಅನ್ನಬೇಕು. ಹೋದ ವಾರ ಇಲ್ಲೇ ಶಿರಸಿ ದವಾಖಾನ್ಯಾಗ ಅವರ ಮುಂದ ನಿಂತ್ರ ಮೈಯೆಲ್ಲಾ ಬೆವರು, ತಲಿ ತಿರುಗು, ಎದಿ ಡಬಡಬ. ಹೃದಯ ಸರಿ ಇಲ್ಲ, ಇಡುಗಂಟು ಆಗೂದಿಲ್ಲ ಅಂದ್ರು. ಸಂಜೀಕ ನೋಡಿದ್ರ ಎಲ್ಲಾ ಸರಿ! ಯಾರೋ ಏನೋ ತಿನಿಸ್ಯಾರ್ರಿ.”

“ಅವತ್ತು ಎಂತ ತಿಂದಿದ್ರಿ?”

“ಏನೂ ತಿಂದಿಲ್ರಿ. ಖಾಲಿ ಹೊಟ್ಟೀಲೆ ಬಾ ಅಂದಿದ್ರು. ನೀರ ಸೈತ ಮುಟ್ಟಿಲ್ಲ,” ಎಂದ ತುಂಬಿದ ಬಾಯಲ್ಲಿ. “ನನ್ನ ಅನುಮಾನ ಬನವಾಸಿ ಗಿರಣಿ ಶಂಕ್ರಪ್ಪನ ಮ್ಯಾಲ. ಬಸ್ಸಿನಾಗ ಪಕ್ಕದಾಗ ಕುಂತು ಬೀಡಿ ಕೊಟ್ಟ. ನಾ ತಗೊಳ್ಳಿಲ್ಲ.”

“ನೀನೂ ಜೊತೆಗಿದ್ಯಾ ತಂಗಿ?”

“ಇಲ್ರಿ,” ಎಂದಳು ಪಾರ್ವತವ್ವ. “ಹೆಗಡೆಕಟ್ಟಾದಾಗ ಪರಿಮಳಾ ಅಮ್ಮಾರ ಮನ್ಯಾಗ ಅಡಿಕಿ ಸುಲಿಯೂ ಕೆಲಸಿತ್ತು. ಅದು ಮುಗಿಸಿ ಹಿಂದಿನ ದಿನಾ ಊರಿಗೆ ಬಂದೆ. ಇವ್ರನ್ನ ಬಸ್ ಹತ್ತಿಸಿ ಮನೀಗೆ ಹೋದೆ.”

ನನಗೆ ಏನೂ ತಿಳಿಯಲಿಲ್ಲ. ತಿನ್ನದವನಿಗೆ ವಿಷ ಹಾಕುವುದು ಹೇಗೆ?

ಮಂಗಳವಾರದ ಸಂತೆಗೆ ಬಂದ ಶಂಕ್ರಪ್ಪನನ್ನೂ ಹೆಗಡೆಯವರು ಜಗಲಿಗೆ ಕರೆಸಿದರು. ಗಂಡ ಹೆಂಡತಿ ಆಗಲೇ ಬಂದಿದ್ದರು.

“ಬೀಡಿ ಕೊಟ್ಟಿದ್ದಕ್ಕ ಪತ್ತೇದಾರರು!” ಎಂದು ಶಂಕ್ರಪ್ಪ ನಕ್ಕ. “ಚಹಾ ಕುಡಿಸಿದ್ರ ಫೌಜ್ ಕರಸ್ತಿದ್ದೇನೋ ಹವಾಲ್ದಾರ?”

“ಶಂಕ್ರಪ್ಪನ ತಪ್ಪಿಲ್ಲ,” ಎಂದರು ಹೆಗಡೆಯವರು. “ಏನೂ ತಿಂದಿಲ್ಲ ಅಂತ ನೀವು ಹೇಳುವಾಗ ಬಾಯಲ್ಲಿ ಕವಳ ಇತ್ತು, ಹವಾಲ್ದಾರ್ರೇ. ನಮ್ಮ ಕಡೆ ಕವಳ ಹಾಕಿದ್ದನ್ನು ಯಾರೂ ತಿಂದದ್ದು ಅಂತ ಎಣಿಸೋದಿಲ್ಲ. ಅವತ್ತೂ ಹಾಕಿದ್ರಾ?”

“ಹಾಕಿದ್ದೆ... ಒಳಗ ಹೋಗೂ ಮುಂದ.”

“ಕೆಲವು ಮರದ ಅಡಿಕೆ ಸೊಕ್ಕುತ್ತದೆ. ನೋಡಲಿಕ್ಕೆ ಬೇರೆ ಅಡಿಕೆ ಹಾಗೇ. ಹಾಕಿದರೆ ಬೆವರು, ತಲೆ ತಿರುಗು, ಎದೆಬಡಿತ. ಸ್ವಲ್ಪ ಹೊತ್ತಿಗೆ ಇಳೀತದೆ. ನನ್ನ ಹರಿವಾಣದ್ದು ನಿಮಗೆ ಏನೂ ಮಾಡಲಿಲ್ಲ, ಅಂದರೆ ಅವತ್ತಿನ ಅಡಿಕೆಯೇ ಬೇರೆ. ಸುಲಿಯೋ ಮನೆಯವರಿಗೆ ಅಂಥ ಮರ ಯಾವುದು ಅಂತ ಗೊತ್ತಿರ್ತದೆ, ಅದರದ್ದು ಬದಿಗಿಡ್ತಾರೆ. ನಿನ್ನೆ ಹೆಗಡೆಕಟ್ಟಾಕ್ಕೆ ಹೋಗಿ ಕೇಳಿದೆ. ಪರಿಮಳಮ್ಮನ ತೋಟದಲ್ಲಿ ಒಂದಿದೆ. ಅವತ್ತಿನ ಕವಳ ಕಟ್ಟಿಕೊಟ್ಟವರು ಯಾರು?”

ಹವಾಲ್ದಾರ ಹೆಂಡತಿಯ ಕಡೆ ತಿರುಗಿದ.

“ನಾನ ರೀ,” ಎಂದಳು ಪಾರ್ವತವ್ವ. “ಬದಿಗಿಟ್ಟ ಅಡಿಕೀನ ಕಟ್ಟಿದ್ದೆ. ಒಳಗ ಹೋಗೂ ಮುಂದ ಹಾಕ್ಕೋರಿ, ಧೈರ್ಯ ಬರ್ತದ ಅಂದಿದ್ದೆ. ಇವ್ರು ಕಾಶ್ಮೀರದಾಗ ಇದ್ದಾಗ ತಿಂಗಳಾ ಮನಿಯಾರ್ಡರ್ ಬಂತಂದ್ರ ಜೀವಂತ ಅದಾರ ಅಂತ ಉಸಿರು ಬಿಡ್ತಿದ್ದೆ. ಗಿರಣಿ ಮುಳುಗಿದ್ರ ತಿಂಗಳಾ ಬರೂದೂ ಅರ್ಧಾ, ಗಿರಣೀನೂ ಇಲ್ಲ. ಆದ್ರ ಇಷ್ಟು ಅಂಜತಾರಂತ ಗೊತ್ತಿರಲಿಲ್ರಿ.”

ಶಂಕ್ರಪ್ಪನ ನಗು ನಿಂತಿತ್ತು.

“ನಿಮ್ಮ ಎದೆ ಗಟ್ಟಿ ಇದೆ,” ಎಂದರು ಹೆಗಡೆಯವರು. “ಡಾಕ್ಟರರಿಗೆ ನಡೆದದ್ದು ಹೇಳಿ, ಮತ್ತೆ ನೋಡ್ತಾರೆ. ಕೊಟ್ಟವರು ಯಾರು ಅಂತಲೂ ಕೇಳ್ತಾರೆ. ಅದನ್ನೂ ಹೇಳಬೇಕಾಗ್ತದೆ.”

ಮರುದಿನ ನಾನೇ ಅವನೊಡನೆ ಆಸ್ಪತ್ರೆಗೆ ಹೋದೆ. ಡಾಕ್ಟರರು ತಲೆಯೆತ್ತಿ, “ಏನು?” ಎಂದರು. ಹವಾಲ್ದಾರ ನೆಟ್ಟಗೆ ನಿಂತ. “ಏನಿಲ್ರಿ,” ಎಂದು ಹೊರಗೆ ಬಂದ. ಆ ಬೇಸಗೆಯಲ್ಲಿ ಗುಡ್ನಾಪುರದಲ್ಲಿ ಗಿರಣಿ ಹಾಕಿದವನು ಶಂಕ್ರಪ್ಪ. ಕವಳದ ಮಾತನ್ನು ಮಡಿವಾಳಪ್ಪ ಡಾಕ್ಟರರಿಗೆ ಕೊನೆಗೂ ಹೇಳಲಿಲ್ಲ.