ವಾಸನೆಯಿಲ್ಲದ ಸೀಸೆ

“ನನ್ನ ಮಗಳಿಗೆ ವಿಷ ಹಾಕಿದಾರೆ ಮೇಡಂ!”

ಮಗಳು ನಡುಮನೆಯ ಮಂಚದ ಮೇಲಿದ್ದಳು. ಬೆಳಿಗ್ಗೆ ಅಪ್ಪ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು. ಪಕ್ಕದಲ್ಲಿ ವಾಂತಿಯ ಬಕೆಟ್, ಖಾಲಿ ನೀರಿನ ಬಾಟಲಿಗಳು. ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನ ಹೂ ಬಿಡಿಸುತ್ತಿದ್ದ ಹುಡುಗಿ. ಇನ್‌ಸ್ಪೆಕ್ಟರಮ್ಮನಿಗೆ ಸಾವಿನ ಮನೆ ಹೊಸತಲ್ಲ. ಆದರೂ ಆ ಮುಖದಿಂದ ಕಣ್ಣು ಕಿತ್ತು ಅಪ್ಪನತ್ತ ತಿರುಗಿದರು.

“ಯಾರು ಹಾಕಿದ್ದು?”

“ಇನ್ಯಾರು, ಆ ಬೇಕರಿಯವನು! ಮದ್ವೆ ಆಗ್ತೀನಿ ಅಂತಿದ್ದ. ಸಕ್ಕರೆ ಕಾಯಿಲೆ ಅಂತ ಗೊತ್ತಾದ್ಮೇಲೆ ಮನಸ್ಸು ಬದಲಾಯಿಸಿರ್ಬೇಕು. ಮೊನ್ನೆ ಕೇಕ್ ಕಳಿಸಿದ್ದ. ಅವತ್ತಿಂದಾನೇ ವಾಂತಿ.”

“ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ವಾ?”

“ಜ್ವರ, ಹೊಟ್ಟೆ ಕೆಟ್ಟಿದೆ ಅಂದ್ಕೊಂಡೆ.” ಕನ್ನಡಕದಂಗಡಿ ನಡೆಸುತ್ತಿದ್ದ ಅಪ್ಪ ತನ್ನ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. “ತಾಯಿಯಿಲ್ಲದ ಮಗು. ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದೆ. ಕಾಯಿಲೆ ಕೂಡ ವಾಸಿಯಾಗಿತ್ತು ಮೇಡಂ.”

ಅಷ್ಟರಲ್ಲಿ ಬೀದಿಯವರು ಬೇಕರಿಯ ಗಾಜು ಪುಡಿಪುಡಿ ಮಾಡಿದ್ದರು. ಹುಡುಗನನ್ನು ಠಾಣೆಗೆ ತಂದು ಕೂರಿಸಿದ್ದು ಅವನ ಜೀವ ಉಳಿಸಲಿಕ್ಕೇ.

*

“ಕೇಕ್ ಯಾಕೆ ಕಳಿಸ್ದೆ?”

“ತಿನ್ನೋಕಲ್ಲ. ಮೇಲಿನ ಹೂ ನಾನು ಬಿಡಿಸಿದ್ದು, ಹೇಗಿದೆ ಹೇಳು ಅಂತ. ಇದು ಗುಲಾಬಿ ಅಲ್ಲ, ಎಲೆಕೋಸು ಅಂತ ಫೋನಲ್ಲಿ ಬೈದ್ಲು.” ಹುಡುಗ ನಗಲು ಹೋದ. ನಗು ಅಳುವಾಯಿತು.

“ಅವಳ ಕಾಯಿಲೆ ಬಗ್ಗೆ ಗೊತ್ತಿತ್ತಾ?”

“ಇನ್ಸುಲಿನ್ ಹೇಗೆ ಚುಚ್ಚೋದು, ಯಾವಾಗ ಚುಚ್ಚೋದು, ಎಲ್ಲಾ ಕಲ್ತಿದ್ದೆ. ಜೊತೆಗೆ ಬಾಳೋನು ಕಲೀಬೇಡ್ವಾ? ಆದ್ರೆ ಸಕ್ಕರೆ ನೋಡೋ ಸ್ಟ್ರಿಪ್ ಮುಗಿದಿತ್ತು. ಎಲ್ಲೂ ಸಿಗ್ತಿಲ್ವಂತೆ, ಅಪ್ಪ ಹುಡುಕ್ತಿದಾರೆ ಅಂದ್ಲು. ನಾನು ತರ್ತೀನಿ ಅಂದ್ರೆ, ಬೇಡ, ಅಪ್ಪ ಬೇಜಾರ್ ಮಾಡ್ಕೋತಾರೆ ಅಂದ್ಲು.”

ಬೀದಿ ಕೊನೆಯ ಔಷಧಿ ಅಂಗಡಿಯಲ್ಲಿ ಸ್ಟ್ರಿಪ್ಪಿನ ಡಬ್ಬಿಗಳು ಸಾಲಾಗಿ ಕೂತಿದ್ದವು. “ಸಿಗ್ತಿಲ್ವಾ?” ಅಂಗಡಿಯವನು ಹುಬ್ಬೇರಿಸಿದ. “ಆ ಮನೆಯವರು ಕೇಳೋಕೇ ಬಂದಿಲ್ಲ ಮೇಡಂ.”

*

“ವಿಷ ಇಲ್ಲ,” ಎಂದರು ಶವಪರೀಕ್ಷೆ ಮಾಡಿದ ಡಾಕ್ಟರು. “ಕಣ್ಣಿನೊಳಗಿನ ದ್ರವದಲ್ಲಿ ಸಕ್ಕರೆ ವಿಪರೀತ. ಮೈಯಲ್ಲಿ ಇನ್ಸುಲಿನ್ ಇಲ್ಲದಿದ್ರೆ ಸಕ್ಕರೆ ಬಳಸೋಕಾಗಲ್ಲ. ಕೊಬ್ಬು ಕರಗುತ್ತೆ, ರಕ್ತ ಆಮ್ಲವಾಗುತ್ತೆ. ದಾಹ, ವಾಂತಿ, ಏದುಸಿರು. ಜ್ವರ ಬಂದ್ರೆ ಇನ್ನೂ ಬೇಗ. ಸಮಯಕ್ಕೆ ತಂದಿದ್ರೆ ಡ್ರಿಪ್ಪು, ಇನ್ಸುಲಿನ್ ಕೊಟ್ಟು ಉಳಿಸಬಹುದಿತ್ತು.”

“ಅವಳೇ ನಿಲ್ಲಿಸಿಬಿಟ್ಲಾ?”

“ಇಲ್ಲ. ಹೊಟ್ಟೆ ಮೇಲೆ ಹೊಸ ಸೂಜಿ ಗುರುತುಗಳಿವೆ. ಮಾಮೂಲಿಗಿಂತ ಜಾಸ್ತೀನೇ ಚುಚ್ಕೊಂಡಿದಾಳೆ.”

“ವಾಸಿಯಾಗಿತ್ತು ಅಂದ್ರು ಅಪ್ಪ.”

“ಈ ಬಗೆಯ ಸಕ್ಕರೆ ಕಾಯಿಲೆ ವಾಸಿಯಾಗಲ್ಲ. ಇನ್ಸುಲಿನ್ ಶುರುಮಾಡಿದ ಹೊಸದ್ರಲ್ಲಿ ಕೆಲವರಿಗೆ ಸಕ್ಕರೆ ಚೆನ್ನಾಗಿ ಇಳಿಯುತ್ತೆ, ಡೋಸೂ ಕಮ್ಮಿ ಸಾಕಾಗುತ್ತೆ. ಸ್ವಲ್ಪ ಕಾಲ ಅಷ್ಟೇ. ಗುಣವಾಯ್ತು ಅಂತ ಜನ ಮೋಸ ಹೋಗ್ತಾರೆ.”

ಇನ್‌ಸ್ಪೆಕ್ಟರಮ್ಮ ನೇರ ಆ ಮನೆಯ ಫ್ರಿಜ್ಜಿನ ಮುಂದೆ ಹೋಗಿ ನಿಂತರು. ಬಾಗಿಲಲ್ಲಿ ಇನ್ಸುಲಿನ್ ಸೀಸೆಯಿತ್ತು. ಅವರ ಗಂಡನೂ ಇನ್ಸುಲಿನ್ ಚುಚ್ಚಿಕೊಳ್ಳುವವರೇ. ಒಂದು ಹನಿ ಚೆಲ್ಲಿದರೂ ಆಸ್ಪತ್ರೆ ಬ್ಯಾಂಡೇಜಿನಂಥ ಔಷಧಿ ಘಾಟು ಮೂಗಿಗೆ ಬಡಿಯುತ್ತದೆ. ಸಿರಿಂಜಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ಮೂಸಿದರು. ಏನೂ ಇಲ್ಲ. ಪ್ರಯೋಗಾಲಯವೂ ಅದನ್ನೇ ಹೇಳಿತು. ಬರೀ ನೀರು.

*

ಅಪ್ಪ ಠಾಣೆಗೆ ಬಂದವನೇ ಲಾಕಪ್ಪಿನತ್ತ ನೋಡಿದ. “ಒಪ್ಕೊಂಡ್ನಾ?”

“ಕೂತ್ಕೊಳ್ಳಿ ಯಜಮಾನರೇ.” ಈ ಕೆಲಸ ಬೇರೆಯವರಿಗಾದರೂ ಬೀಳಬಾರದಿತ್ತೇ ಎನಿಸಿತು ಇನ್‌ಸ್ಪೆಕ್ಟರಮ್ಮನಿಗೆ. “ಕೇಕಲ್ಲಿ ಏನೂ ಇರ್ಲಿಲ್ಲ. ಸೀಸೇಲಿ ಇದ್ದದ್ದು ನೀರು. ಸೀಸೆ ಇದ್ದದ್ದು ನಿಮ್ಮ ಫ್ರಿಜ್ಜಲ್ಲಿ. ಮನೇಲಿ ಇದ್ದೋರು ನೀವಿಬ್ರೇ. ಸ್ಟ್ರಿಪ್ ಸಿಗ್ತಿಲ್ಲ ಅಂತ ಸುಳ್ಳು ಹೇಳಿದ್ದೂ ನೀವೇ. ಸಕ್ಕರೆ ನೋಡ್ಕೊಂಡಿದ್ರೆ ಅವಳಿಗೆ ಗೊತ್ತಾಗಿಬಿಡ್ತಿತ್ತು.”

ಅವನು ತಡಬಡಾಯಿಸಲಿಲ್ಲ. ಮಗುವಿಗೆ ತಿಳಿಹೇಳುವವನಂತೆ ಶುರುಮಾಡಿದ.

“ಸಕ್ಕರೆ ಇಳಿದಿತ್ತಲ್ಲ ಮೇಡಂ. ಡಾಕ್ಟರೇ ಡೋಸ್ ಕಮ್ಮಿ ಮಾಡಿದ್ರು. ಚುಚ್ತಾ ಹೋದ್ರೆ ಚಟ ಆಗುತ್ತೆ, ಜೀವನಪೂರ್ತಿ ಬಿಡೋಕಾಗಲ್ಲ ಅಂತ ಎಲ್ರೂ ಹೇಳೋರು. ಬಿಡು ಅಂದ್ರೆ ಅವಳು ಕೇಳಲ್ಲ. ಚುಚ್ಕೊಳ್ತಿದೀನಿ ಅನ್ನೋ ನಂಬಿಕೇಲೇ ಬಿಟ್ಟುಹೋಗ್ಲಿ ಅಂತ ಸೀಸೇಲಿದ್ದ ಔಷಧಿ ತೆಗೆದು ನೀರು ತುಂಬ್ದೆ. ಸುಮ್ನೆ ನೀರಲ್ಲ, ಕಾಯಿಸಿ ಆರಿಸಿದ ನೀರು. ಸಕ್ಕರೆ ಒಂಚೂರು ಏರಿದ್ರೂ ಹೆದರ್ತಾಳೆ ಅಂತ ಸ್ಟ್ರಿಪ್ ಸಿಗ್ತಿಲ್ಲ ಅಂದೆ. ಆಮೇಲೂ ಓಡಾಡ್ಕೊಂಡೇ ಇದ್ಲು. ಇನ್ಸುಲಿನ್ ಇಲ್ದೇನೇ ಚೆನ್ನಾಗಿದೀಯ ನೋಡು ಅಂತ ಹೇಳಿ ಖುಷಿಪಡಿಸ್ಬೇಕು ಅಂತಿದ್ದೆ. ನೀರಿಂದ ಏನಾಗುತ್ತೆ ಮೇಡಂ?”

“ನೀರಿಂದ ಏನೂ ಆಗಲ್ಲ. ಇನ್ಸುಲಿನ್ ಇಲ್ಲದೆ ಹೋದ್ರೆ ಸಾವು ಯಜಮಾನರೇ.”

ಅವನು ಮೇಜಿನ ಅಂಚು ಹಿಡಿದುಕೊಂಡ. ಡಾಕ್ಟರು ಹೇಳಿದ್ದನ್ನೆಲ್ಲ ಇನ್‌ಸ್ಪೆಕ್ಟರಮ್ಮ ಮೆತ್ತಗೆ, ಒಂದೊಂದಾಗಿ ಹೇಳಿದರು. ದಾಹ ಯಾಕೆ, ವಾಂತಿ ಯಾಕೆ, ಎಲ್ಲ. ಆ ಹುಡುಗ ಅವಳಿಗಾಗಿ ಇದನ್ನೆಲ್ಲ ಕಲಿತಿದ್ದ ಎಂಬುದನ್ನೂ. ಅವನು ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದ. ಎದೆ ಒಡೆಯುವುದನ್ನು ಎದುರಿಗೆ ಕೂತು ನೋಡಬೇಕಾಯಿತು.

“ಆ ಕೊನೇ ರಾತ್ರಿ ಅವಳ ಕೈಲಿ ಸಿರಿಂಜ್ ಹಿಡಿಯೋಕೂ ಆಗ್ತಿರ್ಲಿಲ್ಲ,” ಎಂದ ಕೊನೆಗೆ. “ಅಪ್ಪಾ, ಇನ್ನೊಂದ್ಸಲ ಇನ್ಸುಲಿನ್ ಕೊಡು, ಸರಿಹೋಗ್ತೀನಿ ಅಂದ್ಲು. ನಾನೇ ಚುಚ್ದೆ. ಥ್ಯಾಂಕ್ಸ್ ಅಪ್ಪಾ ಅಂದ್ಲು.”

ಇನ್‌ಸ್ಪೆಕ್ಟರಮ್ಮ ಎದ್ದು ಲಾಕಪ್ಪಿನ ಬಾಗಿಲು ತೆಗೆಸಿದರು. ಹೊರಬಂದ ಹುಡುಗನಿಗೆ ಎಲ್ಲ ಕೇಳಿಸಿತ್ತು. ಅಪ್ಪ ಅವನ ಕಡೆ ತಲೆ ಎತ್ತಲಿಲ್ಲ.

“ನೀನು ಇದೆಲ್ಲಾ ಕಲ್ತಿದ್ಯಂತಲ್ಲಪ್ಪಾ,” ಎಂದ. “ನನಗೂ ಒಂದ್ಸಲ ಹೇಳ್ಬಾರ್ದಿತ್ತಾ?”

ಹುಡುಗ ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು ಅಳತೊಡಗಿದ.